ನಳಿಗೆ ಉಜ್ಜುವವರ ಮನೆಯ ನಾಚಿಕೆಗಳು

ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಮರ್ಯಾದೆ ಹೋಗುದು. ನಮ್ಮ ಮನೆಯಲ್ಲಿ ಅದು ದಿನಾ ಹೋಗಿ ಬರುವ ಬಸ್ಸಿನ ಹಾಗೆ. ಕಾರಣ ನಮ್ಮ ಯಜಮಾನರು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ಗದ್ದೆಗೆ ಬರುವ ಹಂದಿ ಓಡಿಸಲಿಕ್ಕೆ ಲೈಸೆನ್ಸ್ ಮಾಡಿಸಿಕೊಂಡು ಕೋವಿ ಇಟ್ಟುಕೊಂಡವರು ತುಂಬ ಜನ. ಆ ಕೋವಿಗಳೆಲ್ಲ ನಳಿಗೆ, ಅಂದರೆ ಗುಂಡು ಹಾರುವ ಕೊಳವೆ, ಉಜ್ಜಿಸಿಕೊಳ್ಳಲಿಕ್ಕೆ ಕಡಬದ ನಮ್ಮ ಜಗಲಿಗೇ ಬರುದು.

ಇವರಿಗೆ ನನ್ನನ್ನು ಕೊಡುವಾಗಲೇ ಮಂಡೆಕೋಲು ಊರಿನ ನನ್ನ ಅಣ್ಣ ಸಿಟ್ಟು ಮಾಡಿದ್ದ. "ಊರಿಡೀ ಗಂಡುಗಳಿರುವಾಗ ನಳಿಗೆ ಉಜ್ಜುವವನೇ ಬೇಕಿತ್ತಾ?" ಎಂದವನು ಮದುವೆಯ ನಂತರ ನಮ್ಮ ಮನೆಯಲ್ಲಿ ಒಂದು ತುತ್ತು ಉಂಡವನಲ್ಲ. ಅವನು ಒಮ್ಮೆ ಬಂದು ಎಲೆಯ ಮುಂದೆ ಕೂತು, ತಂಗಿ ಮರ್ಯಾದೆಯಲ್ಲಿ ಬದುಕಿದ್ದಾಳೆ ಅಂತ ನೋಡಿ ಹೋಗಬೇಕು. ನನಗಿದ್ದ ಆಸೆ ಅದೊಂದೇ. ಆದರೆ ಇವರು ಬಿಡಬೇಕಲ್ಲ!

ಕೋವಿಗೆ ಯಾವ ಬಣ್ಣ?

ನಳಿಗೆ ಒರೆಸಲಿಕ್ಕೆ ಮೆತ್ತಗಿನ ಹತ್ತಿ ಬಟ್ಟೆಯೇ ಆಗಬೇಕು. ಪುತ್ತೂರಿನಿಂದ ಬಟ್ಟೆಯ ಗಂಟು ಹೊತ್ತು ಮಾರಲಿಕ್ಕೆ ಬರುವ ಬ್ಯಾರಿಯೊಬ್ಬರು ಜಗಲಿಯಲ್ಲಿ ಸೀರೆ ಬಿಡಿಸಿದರು. ನಾನು ಅಂಚು ನೋಡುವ ಮೊದಲೇ ಇವರು ಸೆರಗು ಹಿಡಿದು ಉಜ್ಜಿ ಕೇಳಿದರು: "ಇದನ್ನು ಹರಿದರೆ ನೂಲು ಬಿಡ್ತದಾ?"

ಬ್ಯಾರಿ ಕಂಗಾಲು. "ಹರಿಯುದು ಎಂತಕ್ಕೆ ಮಾರಾಯ್ರೆ? ಅಕ್ಕನಿಗೆ ಉಡ್ಲಿಕ್ಕಲ್ವಾ?"

"ಮೊದಲು ಅವಳು ಉಡ್ತಾಳೆ. ಮತ್ತೆ ಕೋವಿ ಉಡ್ತದೆ."

ಪಕ್ಕದ ಮನೆಯ ಹೆಂಗಸರೂ ಅಲ್ಲೇ ಇದ್ದರು. ನನಗೆ ನೆಲ ಬಾಯಿ ಬಿಡಬಾರದಾ ಅನಿಸಿತು. ಮುಂದಿನ ಸಲ ಬ್ಯಾರಿ ಗಂಟು ಬಿಚ್ಚಿ, ಬಹಳ ವಿನಯದಿಂದ ಕೇಳಿದರು: "ಅಕ್ಕಾ, ನಿಮಗೆ ನೀಲಿ ಆಗಬಹುದು. ಕೋವಿಗೆ ಯಾವ ಬಣ್ಣ?"

ಪೂರಾ ಕಾಣ್ತದೆ

ಗುಂಡ್ಯದಲ್ಲಿ ಬಸ್ಸು ಕೆಟ್ಟು, ರಾತ್ರಿ ತಡವಾಗಿ ಕಡಬ ಮುಟ್ಟಿದ ಶಾಲೆಯ ಹೊಸ ಮಾಸ್ಟ್ರು ನಮ್ಮಲ್ಲಿ ತಂಗಿದ್ದರು. ಬೆಳಿಗ್ಗೆ ಮೈಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಹೋದರೆ ಹಂಡೆಯಲ್ಲಿ ಒಂದು ತಂಬಿಗೆ ನೀರಿಲ್ಲ! ಕೋವಿಮದ್ದಿನ ಮಸಿ ಹೋಗಬೇಕಾದರೆ ನಳಿಗೆಗೆ ಕುದಿವ ನೀರೇ ಹೊಯ್ಯಬೇಕು ಅಂತ ಇವರು ಅಷ್ಟನ್ನೂ ಅಂಗಳಕ್ಕೆ ಸಾಗಿಸಿದ್ದರು.

ಮಾಸ್ಟ್ರು ಸೊಂಟಕ್ಕೆ ಒಂದು ಬೈರಾಸು, ಅದೇ ಟವೆಲು, ಸುತ್ತಿಕೊಂಡು ಅಂಗಳಕ್ಕೆ ಬಂದರು. ಇವರು ಬಿಚ್ಚಿ ತೊಳೆದಿಟ್ಟ ಬರೀ ನಳಿಗೆಯನ್ನು ಕಣ್ಣಿಗೆ ಹಿಡಿದು, ಒಳಗೆ ಕಲೆ ಉಂಟಾ ಅಂತ ನೋಡುತ್ತಾ ಸೀದಾ ಅವರ ಕಡೆಗೇ ತಿರುಗಿದರು. ಕೋವಿಯೆಂದು ಬೆದರಿದ ಮಾಸ್ಟ್ರು ಎರಡೂ ಕೈ ಮೇಲೆತ್ತಿದರು. ಬೈರಾಸು ಕೆಳಗೆ ಬಿತ್ತು.

ನಾನು ಮುಖ ಮುಚ್ಚಿಕೊಂಡು ಒಳಗೆ ಓಡಿದೆ. ಹಿಂದಿನಿಂದ ಇವರ ಖುಷಿಯ ಸ್ವರ: "ಬಾ ಇಲ್ಲಿ, ನೋಡು! ಎಷ್ಟು ಚೊಕ್ಕ ಆಗಿದೆ, ಪೂರಾ ಕಾಣ್ತದೆ!"

ಬಾಯಿ ತೆಗೆಯಿರಿ

ಕೊಯಿಲದ ಕಡೆಯ ದೊಡ್ಡ ಜಮೀನಿನವರೊಬ್ಬರು ಕೋವಿ ತಂದು ದೂರು ಹೇಳಿದರು: "ಹಂದಿಗೆ ಗುರಿಯಿಟ್ಟರೆ ಬಾಳೆಗೊನೆಗೆ ಬೀಳ್ತದೆ."

ಇವರು ನಳಿಗೆಯೊಳಗೆ ತಂತಿಯ ಬುರುಸು ಹಾಕಿ ಎಳೆದರು. ಬೆಳ್ಳಿಯ ಚೂರಿನ ಹಾಗೆ ಸೀಸ ಉದುರಿತು. "ಗುಂಡು ನೀವೇ ಎರಕ ಹೊಯ್ಯುದಲ್ವಾ? ಅದಕ್ಕೆ ಮೇಣ ಹಚ್ಚುದುಂಟಾ?"

"ಇಲ್ಲ. ಎಂತಕ್ಕೆ?"

"ಎಂತಕ್ಕೆ ಅಂತ ಕೇಳ್ತೀರಾ! ಜಿಡ್ಡು ಇಲ್ಲದ ಗುಂಡು ಹೋಗುವಾಗ ಸೀಸವನ್ನು ಒಳಗೆಲ್ಲ ಮೆತ್ತಿಕೊಂಡು ಹೋಗ್ತದೆ. ಮತ್ತೆ ಗುರಿ ಎಲ್ಲಿಂದ ಬರ್ಬೇಕು? ಎಲ್ಲಿ, ಬಾಯಿ ತೆಗೆಯಿರಿ."

ಆ ದೊಡ್ಡವರು ಗಲಿಬಿಲಿಯಲ್ಲಿ ಬಾಯಿ ತೆಗೆದೇಬಿಟ್ಟರು. ಎಲೆಯಡಿಕೆ ತಿಂದು ಹಲ್ಲು ಕರ್ರಗೆ. "ನಳಿಗೆ ಉಜ್ಜದವರು ಹಲ್ಲು ಉಜ್ತಾರಾ ಅಂತ ನನಗೆ ಆಗಲೇ ಸಂಶಯ ಇತ್ತು," ಎಂದರು ಇವರು. ಬೆಲ್ಲ ನೀರು ತಂದ ನಾನು ಅದನ್ನು ಬಾಗಿಲಲ್ಲೇ ಇಟ್ಟು ಹಿಂದೆ ಹೋದೆ.

ಮುಂದಿನ ಸಲ ಬಂದಾಗ ಅವರು ಶಾಲಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಕೋವಿ ಮುಂದೆ ಚಾಚಿ ಹೇಳಿದ್ದು ಇಷ್ಟೇ: "ಇದನ್ನು ಮಾತ್ರ ನೋಡಿ."

ಅಣ್ಣ ಉಂಡದ್ದು

ಕೊನೆಗೂ ಅಣ್ಣ ಬಂದ. "ನಿನ್ನನ್ನು ನೋಡಿ ಹೋಗುವ ಅಂತ ಬಂದೆ" ಅಂದ. ಆದರೆ ಕಂಕುಳಲ್ಲಿ ಉದ್ದಕ್ಕೆ ಸುತ್ತಿದ ಚಾಪೆ. ತಂಗಿಯನ್ನು ನೋಡಲಿಕ್ಕೆ ಚಾಪೆ ಯಾಕೆ? ಊರವರ ಎದುರು ಹಂದಿಗೆ ಗುರಿ ತಪ್ಪಿದ ಸುದ್ದಿ ಅವನಿಗಿಂತ ಮೊದಲೇ ನಮ್ಮಲ್ಲಿಗೆ ಬಂದಿತ್ತು. ನಾನು ಗೊತ್ತಿಲ್ಲದ ಹಾಗೆ ಇದ್ದೆ. ಇವರು ಚಾಪೆ ಬಿಡಿಸಿ, ಕೋವಿ ತೆಗೆದುಕೊಂಡು ಅಂಗಳಕ್ಕೆ ಹೋದರು. ಸದ್ಯ, ಬಾಯಿ ತೆಗೆ ಅನ್ನಲಿಲ್ಲ!

"ಊಟ ಮಾಡಿಯೇ ಹೋಗಬೇಕು" ಅಂತ ಅಣ್ಣನ ಕೈ ಹಿಡಿದೆ. ಅವನು ಕೋವಿ ಹೋದ ಅಂಗಳದ ಕಡೆ ನೋಡಿ, "ಆಯ್ತು, ಬಡಿಸು" ಅಂದ. ನನ್ನ ಕಣ್ಣಲ್ಲಿ ನೀರೇ ಬಂತು. ಕೋಳಿ ಸಾರು ಮಾಡಿದೆ. ಎಲೆ ಹಾಕಿ, ಹಬೆಯಾಡುವ ಅನ್ನದ ಮೇಲೆ ಭರಣಿಯಿಂದ ತುಪ್ಪ ತೆಗೆದು ಧಾರಾಳ ಹಾಕಿದೆ. ಚಳಿಗೆ ಗಟ್ಟಿಯಾಗಿತ್ತು. ಅಣ್ಣನಿಗಲ್ವಾ ಅಂತ ಇನ್ನೆರಡು ಚಮಚ ಹಾಕಿದೆ.

ಅಣ್ಣ ಮೊದಲ ತುತ್ತು ಬಾಯಿಗಿಟ್ಟವನು ಒಮ್ಮೆ ನಿಲ್ಲಿಸಿದ. ನನ್ನ ಮುಖ ನೋಡಿದ. ಮತ್ತೆ ಅಗಿಯುತ್ತಾ ಹೋದ. ಅಗಿದ, ಅಗಿದ, ನುಂಗಿದ. ತುಟಿ ಫಳಫಳ ಹೊಳೆಯುತ್ತಿತ್ತು. ಸಿಟ್ಟು ಇನ್ನೂ ಹೋಗಿಲ್ಲವೇನೋ ಅಂತ ನಾನು ಕಂಬ ಹಿಡಿದು ನಿಂತಿದ್ದೆ.

ಆಗ ಇವರು ಒಳಗೆ ಬಂದು ಭರಣಿ ಇಣುಕಿದರು. "ಗುಂಡಿಗೆ ಹಚ್ಚುವ ಮೇಣ ಯಾರು ಖಾಲಿ ಮಾಡಿದ್ದು?"

"ಅದು ತುಪ್ಪದ ಭರಣಿಯಲ್ವಾ!"

"ತುಪ್ಪ ತೆಂಗಿನ ಗೆರಟೆಯಲ್ಲಿ ಉಂಟು. ಭರಣಿಯ ಮುಚ್ಚಳ ಗಟ್ಟಿ ಉಂಟಲ್ಲ, ಅಂತ ಜೇನುಮೇಣ ತೆಂಗಿನೆಣ್ಣೆ ಕಾಯಿಸಿ ಇದಕ್ಕೆ ಹಾಕಿದ್ದೆ."

ಆ ಹೊತ್ತಿನ ನಾಚಿಕೆ ಹೇಳಿ ಮುಗಿಯುವಂಥದ್ದಲ್ಲ. ಇಷ್ಟು ವರ್ಷ ಕಾದು, ಕೈ ಹಿಡಿದು ಕೂರಿಸಿ, ಅಣ್ಣನಿಗೆ ಕೋವಿಯ ಮೇಣ ಉಣಿಸಿದೆನಲ್ಲ! ನಾನು ಅಲ್ಲೇ ಕುಸಿದು ಕೂತು ಅತ್ತೆ.

"ಅಳಬೇಡ," ಅಂದ ಅಣ್ಣ. "ನನಗೆ ಮೊದಲ ತುತ್ತಿಗೇ ಗೊತ್ತಾಗಿದೆ. ಮನೆಯಲ್ಲಿ ನಾನೂ ಈ ಮೇಣ ಕಾಯಿಸ್ತೇನೆ. ನೀನು ಇಷ್ಟು ಆಸೆಯಲ್ಲಿ ಬಡಿಸುವಾಗ ಹೇಗೆ ಹೇಳುದು?" ಮತ್ತೆ, ಮದುವೆಯ ನಂತರ ಮೊದಲ ಸಲ, ಇವರ ಕಡೆ ತಿರುಗಿ ಮಾತಾಡಿದ: "ಆದರೆ ಭಾವ, ನಿಮ್ಮದರಲ್ಲಿ ಮೇಣ ಸ್ವಲ್ಪ ಹೆಚ್ಚಾಯ್ತು. ನಾನು ಇಷ್ಟು ಹಾಕುದಿಲ್ಲ."

"ಅದಕ್ಕೇ ನಿಮ್ಮ ನಳಿಗೆಯಲ್ಲಿ ಅಷ್ಟು ಸೀಸ ಹಿಡಿದದ್ದು!" ಎಂದು ಇವರು ಸಂಭ್ರಮದಿಂದ ಎಲೆಯ ಎದುರೇ ಕೂತುಬಿಟ್ಟರು. ಭರಣಿಯ ತಳಕ್ಕೆ ಚಮಚ ಹಾಕಿ ಕೆರೆದು, ಉಳಿದದ್ದನ್ನು ಅಣ್ಣನ ಅನ್ನದ ಮೇಲೆ ಹಾಕಿದರು.

"ಇನ್ನೊಂದು ತುತ್ತು ಉಂಡು ಸರಿಯಾಗಿ ಹೇಳಿ ಭಾವ."