ಮ್ಯಾಗ್ನೆಟ್ ಹುಡುಕಲು ಹೊರಟದ್ದು

ನಾನು ಹೆಚ್ಚು ಓದಿದವಳಲ್ಲ. ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳೂ ಅಲ್ಲ. ನಮ್ಮ ಯಜಮಾನರ ಎದೆಯೊಳಗೆ ಪೇಸ್‌ಮೇಕರ್ ಎಂಬ ಮಿಷಿನ್ನು ಕೂಡಿಸಿ ಕಳಿಸುವಾಗ ಬೆಂಗಳೂರಿನ ಡಾಕ್ಟರು ಹೇಳಿದ್ದು ಒಂದೇ ಮಾತು: "ಅಜ್ಜಿ, ಇವರ ಎದೆ ಹತ್ತಿರ ಮ್ಯಾಗ್ನೆಟ್ ಬರದ ಹಾಗೆ ನೋಡ್ಕೊಳ್ಳಿ. ಮಿಷಿನ್ನಿನ ತಾಳ ತಪ್ಪುತ್ತೆ."

ಅಷ್ಟೇ ತಾನೆ! ದಾವಣಗೆರೆಗೆ ಬಂದವಳೇ ಸೆರಗು ಸಿಕ್ಕಿಸಿದೆ.

ಆದರೆ ಮನೆಯಲ್ಲಿ ಯಾವುದು ಮ್ಯಾಗ್ನೆಟ್ಟು, ಯಾವುದು ಅಲ್ಲ? ಎದುರುಮನೆಯಲ್ಲಿ ರೇಡಿಯೋ ರಿಪೇರಿ ಮಾಡುವ ಖಾದರ್ ಸಾಬರಿಂದ, ಹಳೇ ಸ್ಪೀಕರಿನಿಂದ ಬಿಚ್ಚಿದ, ಕೋಡುಬಳೆಯಂಥ ಮ್ಯಾಗ್ನೆಟ್ಟೊಂದನ್ನು ಇಸಿದುಕೊಂಡೆ.

"ಯಾಕಮ್ಮ ಇದು?"

"ಮನೆಯಾಗಿನ ಮ್ಯಾಗ್ನೆಟ್ ಹಿಡಿಯಾಕೆ."

"ಇದೂ ಮ್ಯಾಗ್ನೆಟ್ಟೇ ಅಲ್ಲೇನ್ರಿ?"

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು, ಸಾಬ್ರೆ!"

ತಪಾಸಣೆ ಶುರುವಾಯಿತು. ಅದಕ್ಕೆ ಅಂಟಿದ್ದೆಲ್ಲ ಅದರ ಸಂಬಂಧಿಕರೇ ಎಂದು ತೀರ್ಮಾನಿಸಿದೆ. ರೊಟ್ಟಿ ಹೆಂಚು, ಈಳಿಗೆ ಮಣೆ, ಟ್ರಂಕು, ಕೊನೆಗೆ ಯಜಮಾನರ ಮಂಚ, ಎಲ್ಲವೂ ಹಿತ್ತಲು ಸೇರಿದವು.

"ರೊಟ್ಟಿ ಎಲ್ಲೇ?"

"ಹೆಂಚು ಹಿತ್ತಲಾಗೈತೆ. ಸುಮ್ನೆ ಅನ್ನ ಉಣ್ರಿ."

"ಮಿಷಿನ್ ಉಳಿಸಿದ ಜೀವಾನ ನೀನು ತೆಗೀತಿ ನೋಡು!"

ಉಳಿದದ್ದು ಒಂದೇ: ಅವರ ಎದೆಯ ಮೇಲಿನ ಲಿಂಗದ ಕರಡಿಗೆ. ಮದುವೆಯಲ್ಲಿ ಹರಿಹರದ ನನ್ನ ತವರಿನವರು ಮಾಡಿಸಿಕೊಟ್ಟ ಬೆಳ್ಳಿಯದು. "ಎಲ್ಲಿ ಬೆಳ್ಳಿ, ತಗಡು!" ಎಂದು ಅಂದಿನಿಂದಲೂ ಇವರ ಹೀಯಾಳಿಕೆ. ಈಗ ಮಿಷಿನ್ನೂ ಉಳಿಯುತ್ತದೆ, ತವರಿನ ಮಾನವೂ ಉಳಿಯುತ್ತದೆ! ಲಿಂಗವನ್ನು ಮೈಯಿಂದ ಬೇರೆ ಮಾಡಬಾರದು. ಆದಕಾರಣ ಇದ್ದಲ್ಲಿಯೇ ತಪಾಸಣೆ ನಡೆಸಬೇಕಾಯಿತು.

"ಅಲ್ಲಾಡಬ್ಯಾಡ್ರಿ. ಬೆಳ್ಳಿಗಾದ್ರೆ ಇದು ಅಂಟಲ್ಲ. ಬೆಳ್ಳಿಯೋ ತಗಡೋ, ಈಗ ಗೊತ್ತಾಗ್ತೈತೆ."

ಟಕ್! ಅಂಟಿಕೊಂಡಿತು.

ಯಜಮಾನರ ಕಣ್ಣು ಮೇಲಾಯಿತು. "ಎದೆ ರೈಲಿನಂಗೆ ಓಡ್ತೈತಲ್ಲೇ! ನಿನ್ನ ಕೈಯಾಗೇನದು?"

"ಮ್ಯಾಗ್ನೆಟ್" ಎಂದೆ. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು!

ಕಿತ್ತು ಬೀದಿಗೆ ಎಸೆದೆ. ಬಡಿತ ತಹಬಂದಿಗೆ ಬಂತು. ಆದರೂ ಬಿಡದೆ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ, "ಮ್ಯಾಗ್ನೆಟ್ ತೆಗೆದ ಕೂಡ್ಲೇ ಮಿಷಿನ್ ಸರಿಹೋಗೈತೆ, ಹೆದರಬ್ಯಾಡ್ರಿ. ಮನೆಯಾಗೆ ಇನ್ನೆಷ್ಟು ಮ್ಯಾಗ್ನೆಟ್ ಅದಾವೆ?" ಎಂದು ಕೇಳಿದರು.

ಯಜಮಾನರೇ ಉತ್ತರ ಕೊಟ್ಟರು: "ಒಂದೂ ಇರ್ಲಿಲ್ಲರೀ. ಇವಳು ಹೋಗಿ ತಂದ್ಲು!"

ಮನೆಗೆ ಮರಳುವಾಗ ಅವರ ಎದೆ ಸರಿಯಾಗಿತ್ತು. ಬಾಯಿಯೂ ಸರಿಯಾಗಿತ್ತು. ದಾರಿಯುದ್ದಕ್ಕೂ ಒಂದೇ ಜಪ: "ತಗಡು... ತಗಡು..."

ಸಾಕ್ಷಿ ಹುಡುಕಿ ಕೊಟ್ಟವಳೇ ನಾನಲ್ಲವೇ!