ಹೊಲದ ಎದುರಿಗೆ ಆಡಬಾರದ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನನಗೆ ಅಜೀರ್ಣ ಮೊದಲಿನಿಂದಲೂ ಇದೆ; ಹಾಗಾಗಿ ಮಾತಿನ ವಿಷಯದಲ್ಲಾದರೂ ಬಲ್ಲವನು ಎಂದು ನಂಬಿಕೊಂಡಿದ್ದೆ. ಜಯನಗರದ ನಮ್ಮ ಬೀದಿಯಲ್ಲಿ ನಲ್ಲಿ ನೀರು ನಿಂತರೆ ಆಫೀಸಿಗೆ ನನ್ನನ್ನೇ ಕಳಿಸುತ್ತಿದ್ದರು. ನೀರು ಬರುತ್ತಿತ್ತು ಎಂದು ಹೇಳಲಾರೆ, ಆದರೆ ನನ್ನ ಮಾತು ಮುಗಿಯುವಷ್ಟರಲ್ಲಿ ಅಲ್ಲಿನವರಿಗೆ ಊಟದ ಹೊತ್ತಾಗಿರುತ್ತಿತ್ತು. ಇದು ತೊಂಬತ್ತರ ದಶಕದ ಮಾತು. ಬೇಗೂರು ಆಗ ಇನ್ನೂ ಹಳ್ಳಿಯೇ. ಅಲ್ಲಿ ನಮ್ಮ ಅತ್ತೆ ಒಬ್ಬರೇ ನಿಂತು ಬೆಳೆಸಿದ್ದ ಟೊಮೆಟೊ ಬೆಳೆಯ ಮೇಲೆ ಆಲಿಕಲ್ಲು ಮಳೆ ಬಿತ್ತು. ಸರ್ಕಾರ ಪರಿಹಾರ ಕೊಡುತ್ತದಂತೆ, ನೋಡಲು ವಿಲೇಜ್ ಅಕೌಂಟೆಂಟ್ ಬರುತ್ತಾರಂತೆ ಎಂದು ಸುದ್ದಿ ಬಂದಾಗ ನನ್ನ ಹೆಂಡತಿ ಸರೋಜ, "ನೀವು ಹೋಗಿ ಜೊತೇಲಿ ನಿಂತ್ಕೊಳ್ಳಿ, ಅಮ್ಮನಿಗೆ ಆಫೀಸರ್ ಹತ್ರ ಮಾತಾಡೋಕೆ ಬರಲ್ಲ" ಎಂದಳು.

ಸ್ಕೂಟರಿನಲ್ಲಿ ಬಿಳೇಕಹಳ್ಳಿ ದಾಟುವಷ್ಟರಲ್ಲೇ ನನ್ನ ಭಾಷಣ ಸಿದ್ಧವಾಗಿತ್ತು. ವಿಷಯ ಸಣ್ಣದಾಗಿರಲಿಲ್ಲ. ಪರಿಹಾರ ಬಂದರೆ ಅತ್ತೆ ಮತ್ತೆ ಸಸಿ ನೆಡಬಹುದು. ಬರದಿದ್ದರೆ ಹೊಲ ಪಾಳು ಬೀಳುತ್ತದೆ, ಪಾಳು ಬಿದ್ದ ನೆಲಕ್ಕಾಗಿ ಸೈಟು ಮಾಡುವವರು ಪಕ್ಕದಲ್ಲೇ ಕಾಯುತ್ತಿದ್ದರು. ಹೋಗಿ ನೋಡಿದರೆ ಗಿಡಗಳೆಲ್ಲ ಮಲಗಿದ್ದವು, ಕಾಯಿಗಳು ಕೆಸರಿನಲ್ಲಿ ಜಜ್ಜಿಹೋಗಿದ್ದವು. ಅಕೌಂಟೆಂಟರು ಬದುವಿನ ಮೇಲೆ ಮಜ್ಜಿಗೆ ಕುಡಿಯುತ್ತ ನಿಂತಿದ್ದರು. ಅತ್ತೆ ನನ್ನ ಕೈಗೂ ಒಂದು ಲೋಟ ಕೊಟ್ಟರು. ಹೊಲದವರು ಸ್ಥಳದಲ್ಲೇ ನಿಂತು ಬೆಳೆ ಹೋಯಿತೆಂದು ಬಾಯಿಬಿಟ್ಟು ಹೇಳಬೇಕು, ಆಗಲೇ ಮಹಜರು ಬರೆಯಲು ಬರುವುದು ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು, ಬೆಳೆ ಚೆನ್ನಾಗೇ ಬಂದಿದೆ, ಮುಂದೂ ಚೆನ್ನಾಗಿ ಬರುತ್ತದೆ ಎಂದುಬಿಟ್ಟರು.

ನಾನು ಮುಂದೆ ಬಂದೆ. ನಷ್ಟದ ವರ್ಣನೆ ಶುರುಮಾಡಿದೆ. ಮಾತಿನ ಭರದಲ್ಲಿ ಬೆಳೆಯನ್ನು ದಾಟಿ ನೆಲಕ್ಕೇ ಬಂದೆ. ಇದೂ ಒಂದು ಹೊಲವೇ ಸಾರ್, ಇಲ್ಲಿ ಹುಲ್ಲೂ ಬೆಳೆಯುವುದಿಲ್ಲ ಎಂದೆ. ಅತ್ತೆ ಹತ್ತಿರ ಬಂದು, ನಾನಿನ್ನೂ ಬಾಯಿಗಿಡದಿದ್ದ ಮಜ್ಜಿಗೆ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಅದರ ಎದುರಿಗೇ ಹಂಗೆಲ್ಲ ಅನ್ಬಾರ್ದು. ಮೈತುಂಬ ಹೊತ್ಕೊಂಡು ನಿಂತಿತ್ತು. ಪಾಪ, ಅದೇನ್ ಮಾಡ್ತದೆ."

ಕಣದಲ್ಲಿ ರಾಶಿ ಅಳೆಯುವಾಗ 'ಇಲ್ಲ' ಎನ್ನಬಾರದೆಂಬ ಪದ್ಧತಿ ನನಗೂ ಗೊತ್ತಿತ್ತು. ಪೆಟ್ಟು ತಿಂದು ಬಿದ್ದ ಹೊಲಕ್ಕೂ ಆ ಮರ್ಯಾದೆ ಸಲ್ಲುತ್ತದೆಂದು ಗೊತ್ತಿರಲಿಲ್ಲ. ಅಕೌಂಟೆಂಟರು ನಗಲಿಲ್ಲ. ಕಾಗದವನ್ನು ಕಂಕುಳಲ್ಲಿ ಇಟ್ಟುಕೊಂಡು, "ಬನ್ನಿ ಅಮ್ಮ, ಕೆರೆ ಏರಿ ತನಕ ಹೋಗ್ಬರೋಣ" ಎಂದರು. ನಾನೂ ಹಿಂದೆ ಹೋದೆ. ಏರಿಯಿಂದ ಆಚೆ ಇಳಿದು, ಹೊಲ ಕಾಣದ ಕಡೆ ನಿಂತು ಅವರು ಮತ್ತೆ ಕೇಳಿದರು. ಅತ್ತೆ ಒಮ್ಮೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು.

"ಒಂದ್ ಕಾಯೂ ಉಳೀಲಿಲ್ಲ ಕಣಪ್ಪ. ಎಲ್ಲಾ ಹೋಯ್ತು. ಮತ್ತೆ ನೆಡೋಕೆ ನನ್ನ ಕೈಯಲ್ಲಿ ಏನೂ ಇಲ್ಲ."

ಮಾವ ತೀರಿಕೊಂಡ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅಂದೇ. ಭಾಷಣದ ಒಂದು ಪದವೂ ನೆನಪಿಗೆ ಬರಲಿಲ್ಲ. ಹೊಲದವರು ಸ್ಥಳದಲ್ಲೇ ನಿಂತು ಹೇಳಿದರು ಎಂದು ಅಕೌಂಟೆಂಟರು ಬರೆದುಕೊಂಡರು.

ಪರಿಹಾರ ಸರ್ಕಾರದ ನಡಿಗೆಯಲ್ಲೇ ಬಂತು, ಆದರೂ ನಾಟಿಗೆ ಒದಗಿತು. ಹೊಸ ಸಸಿ ನೋಡಲು ಹೋದಾಗ ಅತ್ತೆ ಒಬ್ಬಟ್ಟು ಮಾಡಿದ್ದರು. ನನ್ನನ್ನು ಕೂರಿಸಿಕೊಂಡು ಪಕ್ಕದ ಮನೆಯಾಕೆಗೆ, ನಮ್ಮ ಅಳಿಯಂದಿರು ಮಾತಾಡಿದ್ದಕ್ಕೇ ದುಡ್ಡು ಬಂದದ್ದು, ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದರು. ನಾನು ಉಬ್ಬಿಹೋಗಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ಅದು ಗಂಟಲಲ್ಲಿ ಇಳಿಯುವಾಗ ಹೊಳೆಯಿತು: ಆಲಿಕಲ್ಲು ಬಿದ್ದ ಹೊಲವನ್ನೂ ಅವರು ಅದರ ಎದುರಿಗೆ ಹೀಗೆಯೇ ಹೊಗಳಿದ್ದರು.

ಅಂದಿನಿಂದ ತಾಯಿ ಮಗಳು ಮಾತಾಡುತ್ತ ಕೆರೆ ಏರಿಯ ಕಡೆ ಹೊರಟರೆ ನಾನು ಹಿಂದೆ ಹೋಗುವುದಿಲ್ಲ.