ಸವಣೂರಿನಲ್ಲಿ ಹವಾನಾ ತಾಲೀಮು

ವಿದೇಶ ಪ್ರವಾಸದ ವಿಷಯದಲ್ಲಿ ಅಕ್ಕಿಆಲೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಒಮ್ಮೆಯೂ ಹೋಗಿರಲಿಲ್ಲ, ಅದು ಬೇರೆ ಮಾತು! ಮಗಳು ರೂಪಾ ಕ್ಯೂಬಾ ದೇಶದ ರಾಜಧಾನಿ ಹವಾನಾದಲ್ಲಿ ಯೋಗ ಕಲಿಸುತ್ತಾಳೆ. ಅವಳನ್ನು ಎದುರಿಗೆ ಕಂಡು ಎರಡು ವರ್ಷವಾಗಿತ್ತು. "ಅಪ್ಪಾ, ಅವ್ವನ್ನ ಕರಕೊಂಡು ಬಾ" ಎಂದು ಅವಳು ಫೋನು ಮಾಡಿದ್ದೇ ತಡ, ಹವಾನಾಕ್ಕೆ ಹೋಗುವವರಿಗೆ ಮೊಬೈಲಿನಲ್ಲಿ ಕೊಟ್ಟ ಸಲಹೆಗಳನ್ನೆಲ್ಲ ಓದಿ ಬಾಯಿಪಾಠ ಮಾಡಿದೆ. ಹಳೇ ಊರನ್ನು ನಡೆದೇ ನೋಡಿ. ಹಣವನ್ನು ಬಟ್ಟೆಯ ಒಳಗೆ ಬಚ್ಚಿಡಿ. ಸಿಕ್ಕಲ್ಲಿ ನೀರು ಕುಡಿಯಬೇಡಿ. ಗೆಳೆಯರಂತೆ ಮಾತಾಡಿಸಿ ಮನೆಗೆ ಕರೆಯುವ ಅಪರಿಚಿತರನ್ನು ನಂಬಲೇಬೇಡಿ!

ಆದರೆ ಹೆಂಡತಿ ನೀಲವ್ವ ಒಪ್ಪಲಿಲ್ಲ.

"ಮಗಳನ್ನ ನೋಡೂ ಆಸೆ ನನಗಿಲ್ಲೇನ್ರಿ? ಖರೇ ಅಂದ್ರ ನಿಮ್ಮ ಜೋಡಿ ಬರಾಕ ಅಂಜಿಕಿ. ಹಾನಗಲ್ಲಿಗೆ ಅಂತ ಹೊಂಡಿಸಿ ಹಿರೇಕೆರೂರ ಬಸ್ ಹತ್ತಿಸಿದವರು ನೀವು!"

"ಅದು ಬೋರ್ಡಿನ ತಪ್ಪು."

"ಆತು, ಯಾವುದರ ಒಂದ್ ಊರಾಗ ಸುಸೂತ್ರ ಅಡ್ಡಾಡಿಸಿ ತೋರಸ್ರಿ. ಆಮ್ಯಾಲ ಬರ್ತೇನಿ."

ನಾನು ಎದೆಯುಬ್ಬಿಸಿ "ಸವಣೂರು" ಎಂದೆ. ಹವಾನಾದಂತೆ ಅದೂ ಹಳೇ ರಾಜಧಾನಿ, ನವಾಬರು ಆಳಿದ ಊರು. ಮೇಲಾಗಿ ನನ್ನ ಅಜ್ಜನ ಊರು! ಬೇಸಿಗೆ ರಜೆಯಲ್ಲಿ ಯಲವಿಗಿ ಸ್ಟೇಶನ್ನಿನಲ್ಲಿ ರೈಲಿಳಿದು ಟಾಂಗಾದಲ್ಲಿ ಹೋಗುತ್ತಿದ್ದೆವು. ಟಾಂಗಾ ಹೊಡೆಯುವವರ ಮಗ ಖಾದರ್ ನನ್ನ ಜೀವದ ಗೆಳೆಯ. ಇಬ್ಬರೂ ಹಿಂದೆ ಕಾಲು ಇಳಿಬಿಟ್ಟು ಕುಳಿತು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದೆವು. ಆ ಕುದುರೆಯ ಬೆವರು, ಹಸಿ ಹುಲ್ಲಿನ ವಾಸನೆ ನೆನೆದರೆ ಈಗಲೂ ಜೀವ ಒದ್ದಾಡುತ್ತದೆ. ಅಂಥ ಊರಿನಲ್ಲಿ ನನಗೆ ದಾರಿ ತಪ್ಪುವುದುಂಟೆ?

ಮಧ್ಯಾಹ್ನ ಸವಣೂರಲ್ಲಿ ಬಸ್ಸಿಳಿದವನೇ ಸಲಹೆಗಳನ್ನು ಜಾರಿಗೆ ತಂದೆ. ಆಟೋ ಬೇಡವೆಂದು ಹೆಂಡತಿಯನ್ನು ಬಿಸಿಲಲ್ಲಿ ನಡೆಸಿದೆ. ಅವಳು ವೀಳ್ಯದೆಲೆ ಬೇಕೆಂದಳು. ಸವಣೂರಿಗೆ ಬಂದು ಎಲೆ ಒಯ್ಯದವರುಂಟೆ! ಆದರೆ ಹಣವು ಬನಿಯನ್ನಿನ ಒಳಗೆ, ಬಟ್ಟೆಯ ಚೀಲದಲ್ಲಿ, ಸೇಫ್ಟಿ ಪಿನ್ನಿನ ಬಂದೋಬಸ್ತಿನಲ್ಲಿತ್ತು. ನಡುಬಜಾರಿನಲ್ಲಿ ಅಂಗಿ ಬಿಚ್ಚಿದೆ. ಪಿನ್ನು ಬರಲಿಲ್ಲ. ಬನಿಯನ್ನನ್ನೇ ಮೇಲಕ್ಕೆಳೆದೆ. ಅದು ಮೂಗಿನ ಹತ್ತಿರ ಬಂದು ಸಿಕ್ಕಿಬಿತ್ತು.

"ಯಪ್ಪಾ, ಎಲಿ ಕೇಳಿ ಅಂಗಿ ಯಾಕ ಕಳಿಯಾಕತ್ತೀ?" ಎಂದಳು ಎಲೆ ಮಾರುವ ಮುದುಕಿ.

ನೀಲವ್ವ ತನ್ನ ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟಳು. ನಾನು ಬನಿಯನ್ನಿನ ಒಳಗಿಂದಲೇ ಆಕೆಗೆ ಧನ್ಯವಾದ ಅರ್ಪಿಸಿದೆ.

ಮುಂದಿನದು ಅಜ್ಜನ ಮನೆ. ಟಾಂಗಾ ಸ್ಟ್ಯಾಂಡಿನಿಂದ ಬಲಕ್ಕೆ, ಬೇವಿನ ಗಿಡ ದಾಟಿ ಎಡಕ್ಕೆ! ಟಾಂಗಾ ಸ್ಟ್ಯಾಂಡ್ ಇರಲಿಲ್ಲ. ಬೇವಿನ ಗಿಡವೂ ಇರಲಿಲ್ಲ. ಎಲ್ಲೆಲ್ಲೂ ಮೊಬೈಲ್ ಅಂಗಡಿ. ಸುತ್ತಿ ಸುತ್ತಿ ಮತ್ತೆ ಅದೇ ಎಲೆ ಮುದುಕಿಯ ಮುಂದೆ ಬಂದು ನಿಂತೆವು. ನನ್ನನ್ನು ಕಂಡು ಅವಳು ಮುಖ ತಿರುಗಿಸಿಕೊಂಡಳು.

ಆಗ ಬಿಳಿಗಡ್ಡದವನೊಬ್ಬ ನನ್ನ ಹೆಗಲ ಮೇಲೆ ಕೈ ಹಾಕಿದ.

"ಏ ಬಸ್ಯಾ! ಗುರ್ತ ಸಿಗಲಿಲ್ಲೇನೋ? ಬಾ, ಮನೀ ಇಲ್ಲೇ ಐತಿ. ನೀರ ಕುಡದ ಹೋಗೀಯಂತ."

ಗೆಳೆಯನಂತೆ ಮಾತು! ಮನೆಗೆ ಆಹ್ವಾನ! ಮೇಲೆ ನೀರು! ಹೆಸರು ಹೇಗೆ ತಿಳಿಯಿತು ಎನ್ನುತ್ತೀರಾ? ಅಲ್ಲೇ ಇರುವುದು ಇಂಥವರ ಕರಾಮತ್ತು! "ಬ್ಯಾಡ್ರಿ, ನಾವು ಪ್ರವಾಸಿಗರು" ಎಂದು ಬಿಗುವಾಗಿ ಹೇಳಿ ಸರಸರ ನಡೆದೆ. ನೀಲವ್ವ ಹಿಂದೆಯೇ ಬರುತ್ತಿದ್ದಾಳೆಂದು ನವಾಬರ ಚರಿತ್ರೆ ಹೇಳುತ್ತ ಎರಡು ಓಣಿ ದಾಟಿದೆ. ತಿರುಗಿ ನೋಡಿದರೆ ಒಂದು ಆಕಳು ನಿಂತು ಕೇಳುತ್ತಿತ್ತು!

ಗಾಬರಿಯಿಂದ ನೀಲವ್ವನಿಗೆ ಫೋನು ಹಚ್ಚಿದೆ.

"ಖಾದರಣ್ಣಾರ ಮನ್ಯಾಗ ಚಾ ಕುಡಿಯಾಕತ್ತೇನಿ. ನೀವೆಲ್ಲಿದ್ದೀರಿ?"

ಖಾದರ್! ನಾನು ತಪ್ಪಿಸಿಕೊಂಡು ಬಂದದ್ದು ಅವನಿಂದಲೇ! "ಎಲ್ಲಿದ್ದೇನಿ ಅಂತ ನನಗೂ ಗೊತ್ತಿಲ್ಲ" ಎಂದೆ.

ಖಾದರನೇ ಬೈಕಿನಲ್ಲಿ ಹುಡುಕಿಕೊಂಡು ಬಂದ. ಅವನ ಕೈ ಹಿಡಿದು ನಿಂತೆ.

"ಮಾರಿ ನೋಡಿ ಗುರ್ತ ಹಿಡಿಲಿಲ್ಲಲೇ ನಿನ್ನ" ಎಂದು ನಕ್ಕ. "ಕೆರ್ಯಾಗ ಈಸಾಕ ಇಳಿಯೂ ಮುಂದನೂ ನೀ ಹಿಂಗ ಬನಿಯನ್‌ದಾಗ ಸಿಕ್ಕೊಂಡ ಒದ್ದಾಡ್ತಿದ್ದಿ. ಅದನ್ನ ನೋಡಿ, ಇಂವ ನಮ್ಮ ಬಸ್ಯಾನ ಅಂದೆ!"

ಬೈಕಿನ ಹಿಂದೆ ಕುಳಿತಾಗ ನಗುತ್ತಲೇ ಕಣ್ಣು ತುಂಬಿ ಬಂತು. ಅಜ್ಜನ ಮನೆ ಕೆಡವಿ ಗೋದಾಮು ಕಟ್ಟಿದ್ದರಂತೆ. ನಾನು ಅದರ ಮುಂದೆಯೇ ಸುತ್ತಿದ್ದೆನಂತೆ.

ಖಾದರನ ಮನೆ ತಲುಪಿದಾಗ ಸಂಜೆ. ಹವಾನಾದಲ್ಲಿ ಆಗಷ್ಟೇ ಬೆಳಗಾಗಿರಬೇಕು. ನೀಲವ್ವ ರೂಪಾಳಿಗೆ ವಿಡಿಯೋ ಕಾಲ್ ಮಾಡಿ ಮಾತಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಪರೀಕ್ಷೆಯಲ್ಲಿ ನಾಪಾಸಾದದ್ದು ಗೊತ್ತೇ ಇತ್ತು. ನನ್ನ ಶಾಣ್ಯಾತನದಿಂದ ತಾಯಿ ಮಗಳ ಭೇಟಿ ತಪ್ಪಿತಲ್ಲ ಎಂದು ನನ್ನನ್ನೇ ಬೈದುಕೊಂಡೆ.

"ಬರ್ತೇನಿ ಬಿಡವ್ವಾ" ಎನ್ನುತ್ತಿದ್ದಳು ನೀಲವ್ವ. "ನನಗಿನ್ನ ಅಂಜಿಕಿ ಇಲ್ಲ. ಗುರ್ತಿಲ್ಲದ ಊರಾಗೂ ಕರದ ಚಾ ಕೊಟ್ರು. ಎಲ್ಲಿ ಹ್ವಾದ್ರೂ ನಮ್ಮಂಥಾ ಮಂದೀನ ಇರ್ತಾರ."

"ಮತ್ತ ಅಪ್ಪ?"

"ಅವರನ್ನೂ ಕರಕೊಂಡ ಬರ್ತೇನಿ. ಒಬ್ಬರನ್ನ ಬಿಟ್ಟ ಬಂದ್ರ ಅಕ್ಕಿಆಲೂರಾಗ ಕಳದ ಹೋದಾರು!"

ಹೀಗೆ ನನ್ನ ಹವಾನಾ ಪ್ರವಾಸ ಖಚಿತವಾಗಿದೆ. ಮುಂದಾಳಾಗಿ ಅಲ್ಲ, ಲಗೇಜಾಗಿ!